ಸೀಕಿನ ಎಡೆ

ಮಾರ್ಲಮಿಗೆ ನಮ್ಮ ಮನೆಯಲ್ಲಿ ಐದು ಎಲೆ.

ಅಪ್ಪ ಜವರಯ್ಯನಿಗೆ ಕೋಳಿಸಾರು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ,
ಒಂದು ಕ್ವಾರ್ಟರು. ಮುಚ್ಚಳ ತೆಗೆದೇ ಇಡಬೇಕು,
ಅವನ ಹೆಬ್ಬೆಟ್ಟು ಆಲೆಮನೆಯ ಗಾಣಕ್ಕೆ ಸಿಕ್ಕಿತ್ತು.
ಅವ್ವನಿಗೆ ಕಜ್ಜಾಯ, ಹೊಗೆಸೊಪ್ಪು, ಹಸಿರು ಸೀರೆ.
ದೊಡ್ಡಪ್ಪ ಮಾಯಿಗಯ್ಯನಿಗೆ ತಲೆಮಾಂಸ.
ತಾತ ದ್ಯಾಪಯ್ಯನಿಗೆ ಉಪ್ಪುಮೀನು. ಅವನನ್ನು ನಾನು ಕಂಡಿಲ್ಲ,
ಸುಟ್ಟ ಉಪ್ಪುಮೀನಿನ ವಾಸನೆಯೇ ನನಗೆ ಅವನ ಮುಖ.

ಐದನೇದು ಗೋಡೆ ಮಗ್ಗುಲಿಗೆ, ಸಣ್ಣ ಎಲೆ.
ತಾತನ ಅವ್ವನದು.
ಹೆಸರು ಗೊತ್ತಿಲ್ಲ. ಯಾವ ಊರಿಂದ ಬಂದವಳೋ ಗೊತ್ತಿಲ್ಲ.
"ಅವಳಿಗೆ ಸೀಕು ಅಂದ್ರೆ ಪ್ರಾಣ" ಅಂತ ಅಪ್ಪ ಹೇಳಿದ್ದ,
ಅವನಿಗೆ ಅವನಪ್ಪ.
ಮಡಕೆ ತಳದಲ್ಲಿ ಕರಿಹಿಡಿದ ರಾಗಿ,
ಕೆರೆದು ಒಂದು ಹಿಡಿ.
ಅಷ್ಟೇ ಅವಳ ಚರಿತ್ರೆ.

ಸೊಸೆಯ ಹೊಸ ಪಾತ್ರೆ ತಳ ಹಿಡಿಯುವುದೇ ಇಲ್ಲ.
ಅದಕ್ಕೇ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಮಣ್ಣಿನ ಮಡಕೆ ಇಟ್ಟು
ವರ್ಷಕ್ಕೊಂದು ಸಲ ಬೇಕೆಂದೇ ಸೀಯಿಸುತ್ತೇವೆ.

ನಾನು ನೀರುಗಂಟಿ. ಮೂವತ್ತೊಂದು ವರ್ಷದಿಂದ
ಮಳವಳ್ಳಿ ಕಡೆಯ ನಾಲೆಯ ಕೊನೇ ತೂಬು ನನ್ನ ಕೈಲಿ.
ಕಟ್ಟೆಯಲ್ಲಿ ಎಷ್ಟು ಅಡಿ ಇದೆಯೋ ಪೇಪರಿನವರಿಗೆ ಗೊತ್ತು,
ನನಗೆ ಗೊತ್ತಿರುವುದು ಕೊನೆ.
ಮೇಲಿನವರು ಕುಡಿದು, ತೊಳೆದು, ಕದ್ದು, ಮಿಕ್ಕಿದ್ದು
ನಮ್ಮ ಕೊಪ್ಪಲಿಗೆ ಬರುವಾಗ
ನೀರಿಗೆ ಬಣ್ಣ ಇರುತ್ತದೆ, ಸದ್ದು ಇರುವುದಿಲ್ಲ.
ನಮ್ಮ ಗದ್ದೆಯನ್ನೂ ದಾಟಿದ ಮೇಲೆ
ಜೊಂಡಿನೊಳಗೆ ಬರೀ ಒದ್ದೆ.
ಆಮೇಲೆ ಒದ್ದೆಯೂ ಅಲ್ಲ.

ಈ ವರ್ಷ ಒಲೆ ಮುಂದೆ ಕೂತ ಮೊಮ್ಮಗಳು ಲಿಖಿತ
ಮೂಗು ಮುಚ್ಚಿಕೊಂಡು ಕೇಳಿದಳು:
"ಸೀದೋಗಿರೋದನ್ನ ಯಾರಾದ್ರೂ ಇಷ್ಟಪಡ್ತಾರಾ ತಾತ?"

ಸೌಟು ಹಿಡಿದ ಕೈ ನಿಂತಿತು.

ಹದಿನಾಲ್ಕು ಜನರ ಮನೆ ಅದು, ಅಪ್ಪ ಹೇಳುತ್ತಿದ್ದ.
ಹದಿಮೂರು ಮುದ್ದೆ ಕಟ್ಟಿಕೊಟ್ಟ ಮೇಲೆ
ಮಡಕೆಯಲ್ಲಿ ಇನ್ನೇನು ಉಳಿದಿರುತ್ತದೆ?
ಅವಳು ಕೆರೆಯುತ್ತಿರುವಾಗ ಒಬ್ಬ ಹುಡುಗ ನೋಡಿರಬೇಕು.
"ಯಾಕವ್ವಾ ಅದು?" ಅಂದಿರಬೇಕು.
"ನಂಗೆ ಇದೇ ಇಷ್ಟ ಕಣೋ" ಅಂದಿರಬೇಕು.
ಆ ಹುಡುಗನೇ ನನ್ನ ತಾತ. ಅವನು ನಂಬಿದ.
ನಾವೆಲ್ಲ ನಂಬಿದೆವು. ಮೂರು ತಲೆಮಾರು
ಹೊಸ ಬಟ್ಟೆ ಉಟ್ಟು, ಊದುಬತ್ತಿ ಹಚ್ಚಿ, ಅಡ್ಡಬಿದ್ದು,
ಸತ್ತವಳಿಗೂ ಅದೇ ತಳ ಬಡಿಸಿದೆವು.

ನನಗೇನು ಇಕ್ಕುತ್ತಾರೋ.
ಹಾಲಿಲ್ಲದ ಟೀ, ಅದು ಖಂಡಿತ.
ಹಾಲೆಲ್ಲ ಡೇರಿಗೆ ಹೋಗುತ್ತಿದ್ದ ಕಾಲಕ್ಕೆ ಒಗ್ಗಿದ ನಾಲಗೆ ನನ್ನದು,
ಮನೆಯವರು ಅದನ್ನೇ ರುಚಿ ಅಂದುಕೊಂಡಿದ್ದಾರೆ.
ಕರೀ ಟೀ ಒಂದು ಲೋಟ, ಪಕ್ಕದಲ್ಲಿ ಟಾರ್ಚು.
ಆಮೇಲೊಂದು ವರ್ಷ, ಟಾರ್ಚು ಯಾಕೆಂದು ಯಾರಿಗೂ ತಿಳಿಯದೆ
ಲೋಟ ಮಾತ್ರ.
ಆಮೇಲೆ ಎಲೆ ಹಾಸುವ ಜಾಗಕ್ಕೆ ಯಾರೋ ಫ್ರಿಜ್ಜು ತಂದಿಡುತ್ತಾರೆ.
ಇಡಲಿ ಬಿಡು.
ಈ ಸೀಕಿನವಳ ಅವ್ವನಿಗೆ
ನಾನು ಯಾವತ್ತಾದರೂ ಎಲೆ ಹಾಸಿದೆನೆ?

ಮೊದಲ ಮುದ್ದೆ, ಮಡಕೆಯ ನಟ್ಟನಡುವಿಂದ ತೆಗೆದದ್ದು,
ಹೊಗೆಯಾಡುತ್ತಿದ್ದಂತೆಯೇ ಗೋಡೆ ಮಗ್ಗುಲಿನ ಎಲೆಗೆ ಇಟ್ಟೆ.
ಅಪ್ಪನ ಎಲೆ ಇನ್ನೂ ಖಾಲಿ ಇತ್ತು, ಬೈದುಕೊಂಡರೆ ಬೈದುಕೊಳ್ಳಲಿ.
ಈಲಿ ಎರಡು ತುಂಡು. ಒಂದು ಕಜ್ಜಾಯ.
ಸೊಸೆ ಸೀಕನ್ನು ಎತ್ತಿ ಬಿಸಾಡಲು ಹೋದಳು.
ಇರಲಿ ಇರಲಿ, ಅಂದೆ.
ನಿಜಕ್ಕೂ ಇಷ್ಟವಿದ್ದಿದ್ದರೆ?

ಬಾಗಿಲು ಎಳೆದುಕೊಂಡು ಎಲ್ಲರೂ ಜಗುಲಿಗೆ ಬಂದೆವು,
ಅವರು ಉಣ್ಣುವಷ್ಟು ಹೊತ್ತು.
ಲಿಖಿತ ಬಾಗಿಲಿಗೆ ಕಿವಿಯಾನಿಸಿ ನಿಂತಳು.
"ತಾತ, ಆ ಅಜ್ಜಿಗೆ ನನ್ ಹೆಸ್ರು ಗೊತ್ತಾ?"

ನಾಲೆ ಮೇಲಿಂದ ಫೋನು ಬಂತು,
ನಮ್ಮ ಸರದಿ, ನೀರು ಬಿಟ್ಟಾಗಿದೆ.

"ಜೋರಾಗಿ ಕೂಗಿ ಹೇಳು" ಅಂದೆ, ಚಪ್ಪಲಿ ಹುಡುಕುತ್ತ,
"ಕಿವಿ ಮಂದ ಇದ್ದಾತು."